ಫಾದರ್ ಮುಲ್ಲರ್, ನನ್ನ ಮಾವ್ಶಿ, ಮತ್ತೆ ನಾವು ನೆನಪಿಟ್ಟುಕೊಳ್ಳುವ ರೀತಿ

ನಮ್ಮಲ್ಲಿ, ಅಂದ್ರೆ ಮಂಗಳೂರು ಕಡೆಯ ಕೆಥೋಲಿಕರಲ್ಲಿ, ಒಬ್ಬ ಸಿಸ್ಟರೋ ಫಾದರೋ ತೀರಿಕೊಂಡ್ರೆ ಅವತ್ತು ಸಂಜೆಯೊಳಗೆ ವಾಟ್ಸಾಪಲ್ಲಿ ಒಂದು ಮೆಸೇಜ್ ಬರ್ತದೆ. ಹುಟ್ಟಿದ ವರ್ಷ, ವ್ರತ ತಗೊಂಡ ವರ್ಷ, ಕೆಲಸ ಮಾಡಿದ ಊರುಗಳ ಪಟ್ಟಿ, ಆಮೇಲೆ "ಸರಳ ಜೀವಿ, ಪ್ರಾರ್ಥನೆಯ ವ್ಯಕ್ತಿ, ಬಡವರ ಬಂಧು". ಇದ್ಯಾವುದೂ ಸುಳ್ಳಲ್ಲ. ಆದ್ರೆ ನನಗೆ ಚೆನ್ನಾಗಿ ಗೊತ್ತಿದ್ದ ಬೇರೆ ಬೇರೆ ಮೂರು ಜನಕ್ಕೆ ಇದೇ ಮೂರು ಮಾತು ಬಂದದ್ದು ನೋಡಿದ್ದೇನೆ. ಅವರಲ್ಲಿ ಒಬ್ಬರಿಗೆ ಮೂಗಿನ ತುದಿಯಲ್ಲೇ ಕೋಪ, ಇನ್ನೊಬ್ಬರು ಹಾಸ್ಟೆಲ್ ಹುಡುಗಿಯರ ಜೊತೆ ಥ್ರೋಬಾಲ್ ಆಡ್ತಿದ್ದವರು, ಮತ್ತೊಬ್ಬರು ಮಾತೇ ಆಡದವರು. ಓದಿದ್ರೆ ಮೂವರೂ ಒಬ್ಬರೇ ಅನ್ನಿಸಿಬಿಡ್ತದೆ, ನಾಲ್ಕು ದಿನ ಕಳೆದ ಮೇಲೆ ಯಾರ ಬಗ್ಗೆ ಓದಿದ್ದು ಅಂತಲೂ ನೆನಪಿರೋದಿಲ್ಲ.

ಇದರ ಬಗ್ಗೆ ತುಂಬಾ ದಿನದಿಂದ ಯೋಚನೆ ಮಾಡ್ತಾ ಇದ್ದೇನೆ. ನನಗೆ ಅನ್ನಿಸೋದು ಏನಂದ್ರೆ ನಾವು ಇಂಥವರನ್ನು ಎರಡು ತರದಲ್ಲಿ ಕಳ್ಕೊಳ್ತೇವೆ. ಚರ್ಚಿನ ಒಳಗೆ ನೆನಪು ಮಾಡುವಾಗ ಅವರನ್ನು ಪೂರ್ತಿ ಸಂತರನ್ನಾಗಿ ಮಾಡಿ ಅವರು ಬೆಳಿಗ್ಗೆಯಿಂದ ರಾತ್ರಿವರೆಗೆ ಮಾಡಿದ ಕೆಲಸವನ್ನು ಮರೀತೇವೆ, ಹೊರಗಿನ ಸಭೆಯಲ್ಲಿ ನೆನಪು ಮಾಡುವಾಗ "ಸಮಾಜ ಸೇವಕರು" ಅಂತ ಹೇಳಿ ಶಾಲು ಹೊದಿಸಿ ಅವರ ಪ್ರಾರ್ಥನೆಯನ್ನು ಮೆಲ್ಲ ಪಕ್ಕಕ್ಕೆ ಸರಿಸ್ತೇವೆ. ಅವರ ಬದುಕಲ್ಲಿ ಅದು ಎರಡಾಗಿ ಇರಲೇ ಇಲ್ಲ.

ಫಾದರ್ ಮುಲ್ಲರ್ ಅಂದ್ರೆ ಮಂಗಳೂರಿನವರಿಗೆ ಇವತ್ತು ಒಂದು ಬಸ್ ಸ್ಟಾಪ್, ಒಂದು ಆಸ್ಪತ್ರೆ, ಒಂದು ಮೆಡಿಕಲ್ ಕಾಲೇಜು. "ಮುಲ್ಲರ್‌ಗೆ ಹಾಕಿದ್ದಾರೆ" ಅಂದ್ರೆ ಅಡ್ಮಿಟ್ ಮಾಡಿದ್ದಾರೆ ಅಂತ. ಮನುಷ್ಯ ಹೋಗಿ ಕಟ್ಟಡ ಆಗಿದ್ದಾರೆ. ಆ ಮನುಷ್ಯ ಆಗಸ್ಟಸ್ ಮುಲ್ಲರ್, 1841ರಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾದಲ್ಲಿ ಹುಟ್ಟಿದ ಯೇಸುಸಭೆಯ (ಜೆಸ್ವಿಟ್ ಪಾದ್ರಿಗಳ ಸಂಘದ) ಫಾದರ್. 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಜೆಸ್ವಿಟರ ಮೊದಲ ತಂಡದಲ್ಲಿ ಇದ್ದವರು, 1880ರಲ್ಲಿ ಶುರುವಾದ ಸೇಂಟ್ ಅಲೋಶಿಯಸ್ ಕಾಲೇಜಲ್ಲಿ ಪಾಠ ಮಾಡೋದು ಅವರ ಕೆಲಸ, ಔಷಧಿ ಕೊಡೋದು ಅಲ್ಲ. ಹತ್ತಿರ ಇದ್ದ ಹೋಮಿಯೋಪತಿ ಔಷಧಿಯನ್ನು ಮಕ್ಕಳಿಗೆ, ಆಮೇಲೆ ಊರವರಿಗೆ ಕೊಡ್ತಾ ಕೊಡ್ತಾ ಕಂಕನಾಡಿಯಲ್ಲಿ ಜನ ಸೇರೋಕೆ ಶುರುವಾಯ್ತು. ಆಲದ ಮರದ ಕೆಳಗೆ ಶುರುವಾದದ್ದು ಅಂತ ನಮ್ಮ ಕಡೆ ಚಿಕ್ಕ ಮಕ್ಕಳೂ ಹೇಳ್ತಾರೆ.

ಆ ಮರದ ಕಥೆ ಚಂದ ಉಂಟು, ಆದ್ರೆ ನನಗೆ ಅದಕ್ಕಿಂತ ಮುಖ್ಯ ಅನ್ನಿಸೋದು ಆ ಫಾದರಿನ ಲೆಕ್ಕಾಚಾರ. ಬಡವರಿಗೆ ಧರ್ಮಕ್ಕೆ ಔಷಧಿ ಕೊಟ್ರೆ ದುಡ್ಡು ಎಲ್ಲಿಂದ ಬರಬೇಕು? ಅವರು ಔಷಧಿ ತಯಾರಿಸಿ ಅಂಚೆಯಲ್ಲಿ ದೇಶದ ಬೇರೆ ಬೇರೆ ಕಡೆ ಮಾರೋಕೆ ವ್ಯವಸ್ಥೆ ಮಾಡಿದ್ರು, ಆ ದುಡ್ಡು ಇಲ್ಲಿಯ ರೋಗಿಗಳಿಗೆ ಬಂತು. ಪಾರ್ಸೆಲ್ ಕಟ್ಟೋದು, ವಿಳಾಸ ಬರೆಯೋದು, ಬಾಟ್ಲಿ ತೊಳೆಯೋದು, ಬಾಕಿ ವಸೂಲಿ, ಇದೆಲ್ಲ ಒಬ್ಬ ಪಾದ್ರಿಯ ದಿನಚರಿ! 1890ರಲ್ಲಿ ಕುಷ್ಠರೋಗಿಗಳಿಗೆ ಜಾಗ ಮಾಡಿದ್ರು, 1902ರಲ್ಲಿ ಪ್ಲೇಗ್ ಬಂದಾಗ ಅದಕ್ಕೂ ಆಸ್ಪತ್ರೆ. ಹೋಮಿಯೋಪತಿ ಎಷ್ಟು ಕೆಲಸ ಮಾಡ್ತದೆ ಅಂತ ಇವತ್ತು ವಾದ ಮಾಡುವವರು ಇದ್ದಾರೆ, ಮಾಡಲಿ. ಆದ್ರೆ ಕುಷ್ಠಕ್ಕೆ ಸರಿಯಾದ ಔಷಧಿ ಜಗತ್ತಲ್ಲಿ ಎಲ್ಲಿಯೂ ಇಲ್ಲದ ಕಾಲ ಅದು, ಡ್ಯಾಪ್ಸೋನ್ ಬಂದದ್ದೇ 1940ರ ದಶಕದಲ್ಲಿ. ಮನೆಯಿಂದ ಹೊರಗೆ ಹಾಕಿದವರಿಗೆ ಒಂದು ಹಾಸಿಗೆ, ಹೊತ್ತಿಗೆ ಗಂಜಿ, ಹುಣ್ಣು ತೊಳೆಯೋಕೆ ಹೇಸದ ಒಂದು ಕೈ, ಇಷ್ಟು ಸಿಕ್ಕಿದ್ದೇ ದೊಡ್ಡದು. ಆ ಹುಣ್ಣು ತೊಳೆದ ಕೈ ಯಾರದ್ದು? ಅವರ ಹೆಸರಲ್ಲಿ ಬಸ್ ಸ್ಟಾಪ್ ಇಲ್ಲ. ಕೆಲಸದ ಹೆಂಗಸರು, ಗುಡಿಸುವವರು, ಅಡುಗೆಯವರು, ಆಮೇಲೆ ಇಟಲಿಯಿಂದ ಬಂದ ಸಿಸ್ಟರ್ಸ್ ಆಫ್ ಚಾರಿಟಿಯ ಸಿಸ್ಟರ್‌ಗಳು. ಅವರೊಬ್ಬೊಬ್ಬರ ಮುಖ ನಮಗೆ ಕಾಣೋದಿಲ್ಲ.

ಫಾದರ್ ಮುಲ್ಲರ್ ತೀರಿಕೊಂಡದ್ದು 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ. ಮರುದಿನ ಸತ್ತವರ ದಿನ, ಸಿಮಿತ್ರಿಗೆ ಹೋಗಿ ಗೋರಿ ಗುಡಿಸಿ ಗೊಂಡೆ ಹೂ ಇಟ್ಟು ಕ್ಯಾಂಡಲ್ ಹಚ್ಚುವ ದಿನ. ಸಂತರಿಗೆಲ್ಲ ಒಂದು ದಿನ, ನಮ್ಮನಮ್ಮ ಮನೆಯ ಸತ್ತವರಿಗೆ ಅದರ ಪಕ್ಕದ ದಿನ. ಈ ಏರ್ಪಾಡು ನನಗೆ ಯಾವಾಗ್ಲೂ ಇಷ್ಟ.

ಮಂಗಳೂರಿನಲ್ಲಿ ಬದುಕಿದ ಒಬ್ಬರು ನಿಜವಾಗ್ಲೂ ಸಂತರಾಗಿದ್ದಾರೆ ಅಂದ್ರೆ ನಮ್ಮವರಲ್ಲೇ ಕೆಲವರಿಗೆ ಆಶ್ಚರ್ಯ ಆಗ್ತದೆ. ಮರಿಯಮ್ ಬವಾರ್ಡಿ, ಪ್ಯಾಲೆಸ್ತೀನಿನ ಇಬಿಲ್ಲಿನ್ ಅನ್ನುವ ಹಳ್ಳಿಯವರು. 1870ರಲ್ಲಿ ಫ್ರಾನ್ಸಿನಿಂದ ಕಾರ್ಮೆಲ್ ಸಿಸ್ಟರ್‌ಗಳ ತಂಡ ಮಂಗಳೂರಿಗೆ ಹೊರಟಾಗ ಅದರಲ್ಲಿ ಅವರೂ ಇದ್ರು, ದಾರಿಯಲ್ಲೇ ತಂಡದ ಕೆಲವರು ತೀರಿಕೊಂಡ್ರು. ಅವರು ಲೇ ಸಿಸ್ಟರ್, ಅಂದ್ರೆ ಮಠದ ಮನೆಗೆಲಸ ನೋಡ್ಕೊಳ್ಳುವ ಸಿಸ್ಟರ್, ಹೆಚ್ಚು ಓದು ಬರಹ ಇಲ್ಲದವರು. 1871ರ ನವೆಂಬರಿನಲ್ಲಿ ಇಲ್ಲೇ ಮಂಗಳೂರಲ್ಲಿ ಅವರ ವ್ರತ ಆಯ್ತು. ಆದ್ರೆ ಅವರಿಗೆ ಆಗ್ತಿದ್ದ ದರ್ಶನಗಳ ಬಗ್ಗೆ ಇಲ್ಲಿಯ ಮೇಲಿನವರಿಗೆ ಅನುಮಾನ ಬಂತು, 1872ರಲ್ಲಿ ವಾಪಸ್ ಫ್ರಾನ್ಸಿಗೆ ಕಳಿಸಿಬಿಟ್ರು. ಆಮೇಲೆ ಬೆತ್ಲೆಹೇಮಿನಲ್ಲಿ ಹೊಸ ಮಠ ಕಟ್ಟುವಾಗ ಕೆಲಸದವರಿಗೆ ನೀರು ತಗೊಂಡು ಹೋಗ್ತಾ ಬಿದ್ದು ಕೈ ಮುರಿದು, ಅದು ಕೊಳೆತು 1878ರಲ್ಲಿ ತೀರಿಕೊಂಡ್ರು. 2015ರ ಮೇ 17ರಂದು ಪೋಪ್ ಫ್ರಾನ್ಸಿಸ್ ಅವರನ್ನು ಸಂತರು ಅಂತ ಘೋಷಿಸಿದ್ರು. ದರ್ಶನದ ವಿಷಯ ದೊಡ್ಡವರು ನೋಡ್ಕೊಳ್ಳಲಿ, ನನ್ನ ಮನಸ್ಸು ಹೋಗಿ ನಿಲ್ಲೋದು ಆ ನೀರಿನ ಹತ್ತಿರ. ಆಗಸ್ಟ್ ತಿಂಗಳ ಬಿಸಿಲು, ಮೇಸ್ತ್ರಿಗಳಿಗೆ ಬಾಯಾರಿಕೆ, ಯಾರಾದ್ರೂ ಕೊಂಡೋಗಬೇಕಲ್ಲ, ಇವರು ಹೋದ್ರು.

ಅದೇ 1870ರಲ್ಲಿ ಬಂದ ಅಪೊಸ್ತೊಲಿಕ್ ಕಾರ್ಮೆಲ್ ಅನ್ನುವ ಇನ್ನೊಂದು ಸಭೆಯ ಮೂವರು ಸಿಸ್ಟರ್‌ಗಳಿಂದ ಹೆಣ್ಣುಮಕ್ಕಳ ಶಾಲೆಗಳ ಒಂದು ದೊಡ್ಡ ಸಾಲೇ ಶುರುವಾಯ್ತು, 1921ರಲ್ಲಿ ಸೇಂಟ್ ಆಗ್ನೆಸ್ ಕಾಲೇಜೂ ಬಂತು. ಅದೇ 1921ರ ಜುಲೈ 16ಕ್ಕೆ ಮಂಗಳೂರಿನ ಬೆಂದೂರು ಚರ್ಚಿನ ವಿಗಾರ್ (ಮುಖ್ಯ ಪಾದ್ರಿ) ಆಗಿದ್ದ ಫಾದರ್ ಆರ್.ಎಫ್.ಸಿ. ಮಸ್ಕರೇನ್ಹಸ್ ನಾಲ್ಕು ಮಂದಿ ಯುವತಿಯರನ್ನು ಸೇರಿಸಿ ಬೆಥನಿ ಅನ್ನುವ ಸಿಸ್ಟರ್‌ಗಳ ಸಭೆ ಶುರು ಮಾಡಿದ್ರು, ಲಿಟಲ್ ಫ್ಲವರ್ ಅಂತ ಕರೆಯುವ ಫ್ರಾನ್ಸಿನ ಸಿಸ್ಟರ್ ತೆರೇಜಾ ಹೆಸರಲ್ಲಿ. ಆಗ ತೆರೇಜಾ ಇನ್ನೂ ಸಂತರಾಗಿರಲಿಲ್ಲ, ಅದು ಆದದ್ದು 1925ರಲ್ಲಿ. ಫಾದರ್ ಮಸ್ಕರೇನ್ಹಸ್ 1960ರಲ್ಲಿ ತೀರಿಕೊಂಡ್ರು, ಅವರನ್ನು ಈಗ "ದೇವರ ಸೇವಕ" ಅಂತ ಕರೀತಾರೆ, ಸಂತ ಪದವಿಯ ದಾರಿಯಲ್ಲಿ ಅದು ಮೊದಲ ಮೆಟ್ಟಿಲು. ಆದ್ರೆ ಆ ನಾಲ್ವರು ಹುಡುಗಿಯರ ಮನೆಯಲ್ಲಿ ಅವತ್ತು ಏನು ಮಾತಾಡಿರಬಹುದು? ಮದುವೆ ಪ್ರಾಯದ ಮಗಳು ಇನ್ನೂ ಹೆಸರೇ ಇಲ್ಲದ, ನಾಳೆ ಊಟಕ್ಕೆ ಏನು ಅಂತ ಗೊತ್ತಿಲ್ಲದ ಒಂದು ಮಠಕ್ಕೆ ಹೋಗ್ತೇನೆ ಅಂತ ಹೇಳಿದಾಗ ಅಮ್ಮ ಅತ್ತಿರಬೇಕು, ಅಪ್ಪ ಕೂಗಾಡಿರಬೇಕು. ಅಂಥ ಮನೆ ಜಗಳಗಳು ಜುಬಿಲಿ ಪುಸ್ತಕದಲ್ಲಿ ಬರೋದಿಲ್ಲ.

ಈಗ ನನ್ನ ಮಾವ್ಶಿ ವಿಷಯಕ್ಕೆ ಬರ್ತೇನೆ, ಅಮ್ಮನ ಅಕ್ಕ. ಹೆಸರು ಬೇಡ, ಅವರ ಸಭೆಯ ಹೆಸರೂ ಬೇಡ, ಹೇಳಿದ್ರೆ ಮೇಲಿಂದ ಬಯ್ತಾರೆ. ಮಲೆನಾಡಿನ ಒಂದು ಹಳ್ಳಿ ಆಸ್ಪತ್ರೆಯಲ್ಲಿ ಹೆರಿಗೆ ನೋಡ್ತಿದ್ದ ನರ್ಸ್ ಸಿಸ್ಟರ್ ಅವರು. ಡಾಕ್ಟರ್ ವಾರಕ್ಕೊಮ್ಮೆ ಬಂದ್ರೆ ಬಂದ್ರು, ಮಳೆಗಾಲದಲ್ಲಿ ಅದೂ ಇಲ್ಲ, ಕರೆಂಟ್ ಹೋದ್ರೆ ಮೂರು ದಿನ ಬರೋದಿಲ್ಲ, ಹೊಳೆ ತುಂಬಿದ್ರೆ ಆಚೆ ಕಡೆಯವರು ಆಚೆ ಕಡೆಯೇ. ಚಿಕ್ಕವಳಿದ್ದಾಗ ರಜೆಯಲ್ಲಿ ಅಮ್ಮನ ಜೊತೆ ಅಲ್ಲಿಗೆ ಹೋದ್ರೆ ಮಾವ್ಶಿ ನಮ್ಮ ಜೊತೆ ಕೂತು ಮಾತಾಡ್ತಾ ಇರುವಾಗ್ಲೇ ಕಿವಿ ಮಾತ್ರ ವಾರ್ಡಿನ ಕಡೆ ಇರ್ತಿತ್ತು. ಒಳಗಿಂದ ಒಂದು ಕೂಗು ಬಂದ್ರೆ "ಇದು ಹೆದರಿಕೆಯದ್ದು, ಇನ್ನೂ ಟೈಮುಂಟು" ಅಂತ ಹೇಳಿ ಚಾ ಮುಗಿಸ್ತಿದ್ರು, ಇನ್ನೊಂದು ಕೂಗಿಗೆ ಕಪ್ ಹಾಗೇ ಬಿಟ್ಟು ಓಡ್ತಿದ್ರು. ನನಗೆ ಎರಡೂ ಕೂಗು ಒಂದೇ ತರ ಕೇಳ್ತಿತ್ತು.

ಅವರ ಸೊಂಟದಲ್ಲಿ ಯಾವಾಗ್ಲೂ ತೇರ್ಸ್, ಅಂದ್ರೆ ಜಪಮಾಲೆ, ನೇತಾಡ್ತಿತ್ತು, ಮಣಿ ಸವೆದು ನುಣ್ಣಗಾದ ಹಳೆ ತೇರ್ಸ್. ನೋವಿನಲ್ಲಿರುವ ಹೆಂಗಸಿನ ಪಕ್ಕದಲ್ಲಿ ಸ್ಟೂಲ್ ಹಾಕಿ ಕೂತು ಒಂದು ಕೈ ಅವಳ ಹೊಟ್ಟೆ ಮೇಲೆ, ಇನ್ನೊಂದು ಕೈಯಲ್ಲಿ ಮಣಿ. ಒಂದು ನೋವು ಇಳಿದ ಕೂಡ್ಲೇ "ನಮಾನ್ ಮರಿಯೆ" ಶುರು, ಒಂದೊಂದು ಮಣಿಗೆ ಒಂದೊಂದು ಸಲ ಹೇಳುವ ಮರಿಯಮ್ಮನ ಪ್ರಾರ್ಥನೆ ಅದು. ಹತ್ತು ಮಣಿ ಮುಗಿದ ಮೇಲೂ ಮುಂದಿನ ನೋವು ಬರಲಿಲ್ಲ ಅಂದ್ರೆ ಹೋಗಿ ಬೇರೆ ರೋಗಿಯನ್ನು ನೋಡಿ ಬರಬಹುದು. ಆರು ಏಳು ಮಣಿಗೆ ನೋವು ಬಂದ್ರೆ ಆಯಾಗೆ ಬಿಸಿನೀರು ಇಡೋಕೆ ಹೇಳ್ಬೇಕು. ನಾಲ್ಕು ಮಣಿಗೆ ಬಂತು ಅಂದ್ರೆ ತೇರ್ಸ್ ಜೇಬಿಗೆ, ಕೈಗೆ ಗ್ಲೌಸ್. ಗೋಡೆಯಲ್ಲಿ ಗಡಿಯಾರ ಇತ್ತು, ನಾನೇ ನೋಡಿದ್ದೇನೆ, ಅವರು ಅದನ್ನು ನೋಡ್ತಿದ್ದದ್ದು ಮಗು ಹುಟ್ಟಿದ ಟೈಮ್ ಬರೆಯೋಕೆ ಮಾತ್ರ.

ದೊಡ್ಡವಳಾದ ಮೇಲೆ ಒಮ್ಮೆ ಕೇಳಿದೆ, ಮಾವ್ಶಿ ನೀವು ಆಗ ಅವರಿಗೋಸ್ಕರ ಪ್ರಾರ್ಥನೆ ಮಾಡ್ತಿದ್ರೋ ಅಥವಾ ಟೈಮ್ ಲೆಕ್ಕ ಹಾಕ್ತಿದ್ರೋ ಅಂತ. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿ, "ಮಗಾ, ಯಾವುದು ಪ್ರಾರ್ಥನೆ ಯಾವುದು ಕೆಲಸ ಅಂತ ನೋಡ್ತಾ ಕೂತ್ರೆ ಅಷ್ಟರಲ್ಲಿ ಪಾಪು ಹೊರಗೆ ಬಂದಾಗ್ತದೆ" ಅಂದ್ರು. ನನ್ನ ಈ ಇಡೀ ಬರಹ ಆ ಒಂದು ಮಾತಿನಿಂದ ಹುಟ್ಟಿದ್ದು.

ಆ ಹೆಂಗಸರಲ್ಲಿ ಕೆಥೋಲಿಕರು ಎಷ್ಟೋ ಕಡಿಮೆ. ಗೌಡರ ಮನೆಯವರು, ಕಾಫಿ ತೋಟದ ಲೈನ್ ಮನೆಗಳ ಕೂಲಿಯವರು, ಬ್ಯಾರಿ ಹೆಂಗಸರು. ಯಾರಿಗೂ ಆ ಮಣಿ ಬಗ್ಗೆ ತಕರಾರಿರಲಿಲ್ಲ, ಎಷ್ಟೋ ಜನ ತಮ್ಮತಮ್ಮ ದೇವರನ್ನು ಕರೆದುಕೊಂಡೇ ಹೆರ್ತಿದ್ರು. ಇವತ್ತು ಆಸ್ಪತ್ರೆ ಅಥವಾ ಶಾಲೆಯ ಮಾತು ಬಂದ ತಕ್ಷಣ "ಮತಾಂತರಕ್ಕೆ ಮಾಡಿದ್ದಲ್ವಾ" ಅಂತ ಕೇಳುವವರು ಇದ್ದಾರೆ, ಆ ಪ್ರಶ್ನೆಗೆ ಹೆದರಿ ನಾವೇ ನಮ್ಮವರ ಕಥೆಯಿಂದ ಪ್ರಾರ್ಥನೆಯನ್ನು ತೆಗೆದುಬಿಡ್ತೇವೆ, ಬರೀ ಸೇವೆ ಅಂತ ಹೇಳ್ತೇವೆ. ನನಗೆ ಅದು ಸರಿ ಅನ್ನಿಸೋದಿಲ್ಲ. ಮಾವ್ಶಿ ಆ ಕಾಡಿನ ಮಧ್ಯೆ ಅಷ್ಟು ವರ್ಷ ಯಾಕೆ ಇದ್ರು ಅನ್ನೋದಕ್ಕೆ ಉತ್ತರ ಅವರ ನಂಬಿಕೆಯೇ. ಅದನ್ನು ಮುಚ್ಚಿಟ್ರೆ ಅವರು ಸಂಬಳ ಕಡಿಮೆ ತಗೊಳ್ಳುವ ಒಬ್ಬ ನರ್ಸ್ ಅಷ್ಟೇ ಆಗ್ತಾರೆ.

ಈ ಮತಾಂತರದ ಮಾತಿಗೆ ನನಗೆ ಅಬ್ಬೆ ದ್ಯುಬುವಾ ನೆನಪಾಗ್ತಾರೆ. 1792ರಲ್ಲಿ ಇಂಡಿಯಾಕ್ಕೆ ಬಂದ ಫ್ರೆಂಚ್ ಪಾದ್ರಿ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಚೆಲ್ಲಾಪಿಲ್ಲಿಯಾಗಿದ್ದ ಕ್ರೈಸ್ತರನ್ನು ಮತ್ತೆ ಒಟ್ಟು ಮಾಡೋಕೆ ಮೈಸೂರು ಸೀಮೆಗೆ ಬಂದವರು. ಇಲ್ಲಿಯವರ ಹಾಗೇ ಬಟ್ಟೆ ಉಟ್ಟು ಇಲ್ಲಿಯವರ ಹಾಗೇ ಊಟ ಮಾಡ್ತಿದ್ರು, ಜನ "ದೊಡ್ಡ ಸ್ವಾಮಿಯೋರು" ಅಂತ ಕರೀತಿದ್ರು. ಹಾಸನದ ಹತ್ತಿರ ಸಾತಳ್ಳಿಯಲ್ಲಿ ಬೇಸಾಯ ಮಾಡಿಕೊಂಡಿರುವ ಒಂದು ಊರನ್ನೇ ಕಟ್ಟಿದ್ರು. ಸಿಡುಬಿಗೆ ಲಸಿಕೆ ಹೊಸದಾಗಿ ಬಂದಾಗ 1803-04ರಲ್ಲಿ 25,432 ಜನಕ್ಕೆ ಹಾಕಿಸಿದ್ರು ಅಂತ ದಾಖಲೆ ಉಂಟು. ಎತ್ತಿನಗಾಡಿ ಕಾಲದಲ್ಲಿ, ಸಿಡುಬು ಅಂದ್ರೆ ಅಮ್ಮನ ಮುನಿಸು ಅಂತ ನಂಬಿದ್ದ ಜನರನ್ನು ಒಪ್ಪಿಸಿ, ಒಬ್ಬೊಬ್ಬರ ತೋಳಿಗೆ ಚುಚ್ಚಿಸಿ. ಇಷ್ಟೆಲ್ಲ ಮಾಡಿ 1823ರಲ್ಲಿ ವಾಪಸ್ ಹೋಗುವ ಹೊತ್ತಿಗೆ, ಈ ದೇಶದವರನ್ನು ಕ್ರೈಸ್ತರನ್ನಾಗಿ ಮಾಡೋದು ಆಗದ ಮಾತು ಅಂತ ಅವರೇ ಬಹಿರಂಗವಾಗಿ ಬರೆದ್ರು. ಅವರು ಇಲ್ಲಿಯ ಆಚಾರಗಳ ಬಗ್ಗೆ ಬರೆದ ಎಷ್ಟೋ ವಿಷಯ ನನಗೆ ಒಪ್ಪಿಗೆ ಇಲ್ಲ, ಮೇಲೆ ಕೂತು ಕೆಳಗೆ ನೋಡುವ ಬರವಣಿಗೆ ಅದು. ಆದ್ರೆ ಲಸಿಕೆ ಹಾಕಿಸಿಕೊಂಡು ಬದುಕಿದ ಮಕ್ಕಳು ಬದುಕಿದ್ರು. ಇದೂ ಅವರೇ, ಅದೂ ಅವರೇ. ನೆನಪು ಮಾಡುವಾಗ ಎರಡನ್ನೂ ಹೇಳ್ಬೇಕು ಅಂತ ನನ್ನ ಹಠ.

ಇನ್ನು ಕೆಲವರನ್ನು ನೆನಪಿಡೋದು ಇದಕ್ಕಿಂತ ಕಷ್ಟ, ಯಾಕಂದ್ರೆ ಅವರು ಬೇಕಂತಲೇ ಗುರುತು ಬಿಡೋದಿಲ್ಲ. ನಮ್ಮ ಇಗರ್ಜಿಗಳಲ್ಲಿ, ಅಂದ್ರೆ ಚರ್ಚುಗಳಲ್ಲಿ, ಎಸ್‌ವಿಪಿ ಅಂತ ಉಂಟಲ್ಲ, ಸಂತ ವಿನ್ಸೆಂಟ್ ಡಿ ಪಾವ್ಲ್ ಸಭೆ, 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡ್ರಿಕ್ ಓಜಾನಾಮ್ ಅನ್ನುವ 20 ವರ್ಷದ ಸ್ಟೂಡೆಂಟ್ ಗೆಳೆಯರ ಜೊತೆ ಶುರು ಮಾಡಿದ್ದು. ಬಡವರ ಮನೆಗೆ ಹೇಗೆ ಹೋಗಬೇಕು ಅಂತ ಆ ಹುಡುಗರಿಗೆ ಕಲಿಸಿದ್ದು ರೊಜಾಲಿ ರೆಂಡು ಅನ್ನುವ ಸಿಸ್ಟರ್. ಇಬ್ಬರಿಬ್ಬರಾಗಿ ಹೋಗಬೇಕು, ಮನೆಗೇ ಹೋಗಬೇಕು, ಕೂತು ಮಾತಾಡಬೇಕು. ಮೀಟಿಂಗ್ ಕೊನೆಯಲ್ಲಿ ಒಂದು ಚೀಲ ಕೈಯಿಂದ ಕೈಗೆ ಹೋಗ್ತದೆ, ಮುಷ್ಟಿ ಒಳಗೆ ಹಾಕಿ ತೆಗೀಬೇಕು, ಯಾರು ಎಷ್ಟು ಹಾಕಿದ್ರು, ಹಾಕಿದ್ರೋ ಇಲ್ವೋ, ಯಾರಿಗೂ ಗೊತ್ತಾಗಬಾರದು. ಸಹಾಯ ತಗೊಂಡವರ ಹೆಸರೂ ಹೊರಗೆ ಹೋಗಬಾರದು. ನಮ್ಮ ವಾಡೆಯ (ಚರ್ಚಿನ ವಾರ್ಡಿನ) ಹಳೆ ಗುರ್ಕಾರ್, ಅಂದ್ರೆ ಮುಖ್ಯಸ್ಥರು, ಒಬ್ಬರು ಹೀಗೇ ಸಂಜೆ ಹೊತ್ತು ಕೈಯಲ್ಲಿ ಒಂದು ಬಟ್ಟೆ ಚೀಲ ಹಿಡ್ಕೊಂಡು ಗದ್ದೆ ಅಂಚಿನಲ್ಲಿ ಹೋಗ್ತಿದ್ದದ್ದು ನೋಡಿದ್ದೇವೆ, ಎಲ್ಲಿಗೆ ಅಂತ ಕೇಳಿದ್ರೆ "ಹೀಗೇ ಒಂದು ವಾಕಿಂಗ್". ಅವರು ಹೋದ ಮೇಲೆ ತಿಂಗಳ ಪೂಜೆಗೆ ಇಗರ್ಜಿ ತುಂಬಿತ್ತು, ಯಾರ್ಯಾರು ಯಾಕೆ ಬಂದ್ರು ಅಂತ ಮನೆಯವರಿಗೂ ಅಂದಾಜಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತ ಬದುಕಿದವರ ಬಗ್ಗೆ ಬರೆಯೋದು ಸರಿಯಾ ಅಂತ ನನಗೂ ಅನುಮಾನ ಬರ್ತದೆ. ತಗೊಂಡವರ ಹೆಸರು ಯಾವತ್ತೂ ಬರೀಬಾರದು, ಅದು ಖಂಡಿತ. ಆದ್ರೆ ಹೇಗೆ ಕೊಡ್ತಿದ್ರು ಅನ್ನೋದನ್ನಾದ್ರೂ ಬರೀದಿದ್ರೆ ಮುಂದಿನ ಹುಡುಗರಿಗೆ ದಾನ ಅಂದ್ರೆ ಫ್ಲೆಕ್ಸ್ ಹಾಕಿ ಫೋಟೋ ತೆಗೆಸಿಕೊಳ್ಳೋದು ಮಾತ್ರ ಅಂತ ಆಗ್ತದೆ, ಈಗಾಗ್ಲೇ ಅರ್ಧ ಆಗಿದೆ.

ಮಾವ್ಶಿ ಹತ್ತಿರ ಒಂದು ನೋಟ್‌ಬುಕ್ ಇತ್ತು. ಹೆರಿಗೆಯ ರಿಜಿಸ್ಟರ್ ಅಲ್ಲ, ಅದು ಆಸ್ಪತ್ರೆಯದ್ದು. ಇದರಲ್ಲಿ ಅವರ ಕೈಯಲ್ಲಿ ಉಳಿಯದವರ ಹೆಸರು ಮಾತ್ರ. ರಕ್ತ ನಿಲ್ಲದೆ ಹೋದವರು, ಹೊಳೆ ದಾಟೋಕೆ ತಡವಾಗಿ ಬಂದವರು, ಹೆಸರಿಡುವ ಮೊದಲೇ ಹೋದ ಪಾಪುಗಳು, ಅವಕ್ಕೆ ಅಮ್ಮನ ಹೆಸರು ಬರೆದು ಪಕ್ಕದಲ್ಲಿ "ಮಗು". ನವೆಂಬರ್ ತಿಂಗಳಲ್ಲಿ ಸತ್ತವರ ಹೆಸರು ಚೀಟಿಯಲ್ಲಿ ಬರೆದು ಇಗರ್ಜಿಯಲ್ಲಿ ಕೊಡ್ತೇವಲ್ಲ, ಆಗ ಆ ನೋಟ್‌ಬುಕ್ ನೋಡಿ ಅಷ್ಟೂ ಹೆಸರು ಬರೆದು ಕೊಡ್ತಿದ್ರು. ಒಂದು ವರ್ಷ ಹೊಸದಾಗಿ ಬಂದ ಸಣ್ಣ ಪ್ರಾಯದ ಫಾದರ್ ಆ ಚೀಟಿ ಓದೋಕೆ ಶುರು ಮಾಡಿದ್ರು, ಮೊದಲು ಲೂಸಿ, ನಥಾಲಿಯಾ, ಆಮೇಲೆ ಲಕ್ಷ್ಮಿ, ಚಂದು, ಬೀಪಾತುಮ್ಮ, ದೇವಕಿ, ದೇವಕಿಯ ಮಗು. ಅವರು ಒಂದು ಸಲ ನಿಲ್ಲಿಸಿ ತಲೆ ಎತ್ತಿ ನೋಡಿದ್ರು. ಮಾವ್ಶಿ ಮುಂದಿನ ಬೆಂಚಿನಿಂದ ಕೈ ಸನ್ನೆ ಮಾಡಿದ್ರು, ಓದಿ ಓದಿ ಅಂತ. ಅವರು ಪೂರ್ತಿ ಓದಿದ್ರು.

ಮಾವ್ಶಿ ತೀರಿಕೊಂಡಾಗ ಬಂದ ಮೆಸೇಜಿನಲ್ಲಿ ಈ ನೋಟ್‌ಬುಕ್ಕಿನ ಸುದ್ದಿ ಇರಲಿಲ್ಲ, ಮಣಿ ಲೆಕ್ಕವೂ ಇರಲಿಲ್ಲ. ಇರೋಕೆ ಸಾಧ್ಯವೂ ಇಲ್ಲ, ಬರೆದ ಸಿಸ್ಟರ್‌ಗೆ ಅವರ ಪರಿಚಯ ಆದದ್ದು ಅವರು ರಿಟೈರ್ ಆಗಿ ಹಾಸಿಗೆ ಹಿಡಿದ ಮೇಲೆ. ಮಲೆನಾಡಿನಲ್ಲಿ ಅವರ ಜೊತೆ ಕೆಲಸ ಮಾಡಿದ ಆಯಾ ಅವರಿಗಿಂತ ಮೊದಲೇ ಹೋಗಿದ್ರು. ಆ ಆಯಾ ಬಗ್ಗೆ ಯಾರು ಬರೀತಾರೆ? ಮಧ್ಯರಾತ್ರಿ ಒಲೆ ಉರಿಸಿ ನೀರು ಕಾಯಿಸಿದ್ದು ಅವರು, ಸತ್ತ ಮಗುವನ್ನು ಬಟ್ಟೆ ಸುತ್ತಿ ಅಪ್ಪನ ಕೈಗೆ ಕೊಡ್ತಿದ್ದದ್ದೂ ಅವರೇ, ಮಾವ್ಶಿಗೆ ಅದೊಂದು ಕೆಲಸ ಮಾತ್ರ ಯಾವತ್ತೂ ಆಗ್ತಿರಲಿಲ್ಲ.

ಹಾಗಾಗಿ ನನ್ನದೊಂದು ಬೇಡಿಕೆ, ಇದನ್ನು ಓದುವವರಿಗೆ. ಬಹುಶಃ ನಿಮ್ಮ ಕುಟುಂಬದಲ್ಲೂ ಒಬ್ಬ ಸಿಸ್ಟರ್ ಆಂಟಿಯೋ ಫಾದರ್ ಅಂಕಲ್ಲೋ ಇರ್ತಾರೆ, ಈಗ ಅವರ ಸಭೆಯ ರಿಟೈರ್‌ಮೆಂಟ್ ಮನೆಯಲ್ಲಿ ವಾಕರ್ ಹಿಡಿದು ನಡೀತಾ ಇರಬಹುದು. ಹೋಗಿ ಮಾತಾಡಿಸಿ. "ನಿಮ್ಮ ಸೇವೆಯ ಬಗ್ಗೆ ಹೇಳಿ" ಅಂತ ಕೇಳಿದ್ರೆ ಅವರು "ಎಲ್ಲ ದೇವರ ಕೃಪೆ" ಅಂತ ಹೇಳಿ ಬಿಸ್ಕೆಟ್ ಕೊಟ್ಟು ಕಳಿಸ್ತಾರೆ. ಮೊದಲ ಸಲ ಆ ಊರಿಗೆ ಯಾವ ಬಸ್ಸಲ್ಲಿ ಹೋದ್ರಿ, ಬಸ್ ಇಳಿದ ಮೇಲೆ ಎಷ್ಟು ನಡೀಬೇಕಿತ್ತು, ರಾತ್ರಿ ಊಟಕ್ಕೆ ಏನಿತ್ತು, ಯಾರ ಹತ್ತಿರ ಜಗಳ ಆಯ್ತು, ಯಾವತ್ತಾದ್ರೂ ಬಿಟ್ಟು ಮನೆಗೆ ಹೋಗೋಣ ಅನ್ನಿಸಿತ್ತಾ, ಜೊತೆಗೆ ಯಾರಿದ್ರು, ಹೀಗೆ ಕೇಳಿ. ಫೋನಲ್ಲಿ ರೆಕಾರ್ಡ್ ಮಾಡ್ತೇನೆ ಅಂತ ಮೊದಲೇ ಹೇಳಿ ಒಪ್ಪಿಗೆ ತಗೊಳ್ಳಿ. ಮಧ್ಯಾಹ್ನ ಊಟ ಆದ ಕೂಡ್ಲೇ ಹೋಗ್ಬೇಡಿ, ಆಗ ಮಲಗಿರ್ತಾರೆ, ನಾಲ್ಕು ಗಂಟೆ ಚಾ ಹೊತ್ತಿಗೆ ಹೋದ್ರೆ ಒಳ್ಳೆ ಮೂಡಲ್ಲಿ ಇರ್ತಾರೆ, ಐದೂವರೆಗೆ ಚಾಪೆಲಿನ ಗಂಟೆ ಹೊಡೆದ್ರೆ ಮಾತು ಅರ್ಧಕ್ಕೆ ಬಿಟ್ಟು ಎದ್ದು ಹೋಗ್ತಾರೆ, ಅದಕ್ಕೆ ಬೇಜಾರು ಮಾಡ್ಕೊಳ್ಬೇಡಿ, ಮರುದಿನ ಮತ್ತೆ ಹೋಗಿ.